ವರ್ಕ್‌ಶಾಪಿನಲ್ಲಿ ಕಲಿತ ಇಂಜಿನಿಯರಿಂಗ್

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಗಳು ಮಾಡಿದ ಭಾಷಣದ ಪೂರ್ಣಪಾಠ)



ನಾವು ಮೂವರು ಈ ವೇದಿಕೆಯ ಮೇಲೆ ನಿಂತಿದ್ದೇವೆ. ಮಾತು ಒಬ್ಬರ ಬಾಯಿಂದ ಬರುತ್ತಿದ್ದರೂ ಇದನ್ನು ಬರೆದದ್ದು ಮೂವರೂ ಸೇರಿ. ಮೂವರೂ ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವರು. ನಾಲ್ಕು ವರ್ಷವೂ ನಮ್ಮ ಫೀಸಿನ ದೊಡ್ಡ ಭಾಗವನ್ನು ಈ ಟ್ರಸ್ಟ್ ಕಟ್ಟಿದೆ. ನಮ್ಮಲ್ಲೊಬ್ಬನ ಅಬ್ಬಾ ಟೈಲರ್. ಇನ್ನೊಬ್ಬ ಹರಪನಹಳ್ಳಿ ಕಡೆಯ ಹಳ್ಳಿಯವನು, ಮನೆಯಲ್ಲಿ ಎರಡು ಎಕರೆ ಮೆಕ್ಕೆಜೋಳ. ಮತ್ತೊಬ್ಬಳ ಅಮ್ಮಿ ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಮಗಳನ್ನು ಓದಿಸಿದವರು. ನಿಮ್ಮ ಹಣ ಏನಾಯಿತು, ಅದರಿಂದ ನಾವು ಏನು ಕಲಿತೆವು ಎಂದು ಲೆಕ್ಕ ಒಪ್ಪಿಸುವುದು ನಮ್ಮ ಕರ್ತವ್ಯ. ಆ ಲೆಕ್ಕ ಕೊಟ್ಟ ಮೇಲೆ ಒಂದು ವಿನಂತಿಯನ್ನೂ ಮಾಡಲಿದ್ದೇವೆ. ದಯವಿಟ್ಟು ಕೊನೆಯವರೆಗೂ ಕೇಳಬೇಕು.

ಮೆಕ್ಯಾನಿಕಲ್ ಸೇರುತ್ತೇವೆ ಎಂದಾಗ ಮನೆಯವರಿಗೂ ನೆಂಟರಿಗೂ ಬಂದ ಮೊದಲ ಪ್ರಶ್ನೆ, "ಇಷ್ಟು ಓದಿ ಗ್ಯಾರೇಜ್ ಕೆಲಸಕ್ಕೆ ಹೋಗುತ್ತೀರಾ?" ಎಂಬುದು. ಕಂಪ್ಯೂಟರ್ ವಿಭಾಗದಲ್ಲಿ ಸೀಟು ಸಿಕ್ಕದವರು ಮಾತ್ರ ಇಲ್ಲಿಗೆ ಬರುತ್ತಾರೆ ಎಂದು ಹೇಳಿದವರೂ ಇದ್ದರು. ನಿಜ ಹೇಳಬೇಕೆಂದರೆ ನಮಗೂ ಆಗ ಸರಿಯಾದ ಉತ್ತರ ಗೊತ್ತಿರಲಿಲ್ಲ. ಉತ್ತರ ಸಿಕ್ಕಿದ್ದು ವರ್ಕ್‌ಶಾಪಿನಲ್ಲಿ, ಅದೂ ನಿಧಾನವಾಗಿ.

ಮೊದಲ ವರ್ಷದಲ್ಲಿ ಫಿಟ್ಟಿಂಗ್ ಅಭ್ಯಾಸವಿರುತ್ತದೆ. ಎರಡು ಕಬ್ಬಿಣದ ತಗಡುಗಳನ್ನು ಕೊಡುತ್ತಾರೆ. ಒಂದರಲ್ಲಿ ವಿ ಆಕಾರದ ಕಚ್ಚು ಮಾಡಬೇಕು, ಇನ್ನೊಂದನ್ನು ಅದರೊಳಗೆ ಕೂರುವಂತೆ ಅರದಿಂದ ಉಜ್ಜಬೇಕು. ಕೇಳಲು ಸುಲಭ. ನಮ್ಮಲ್ಲಿ ಪಿಯುಸಿಯಲ್ಲಿ ಗಣಿತಕ್ಕೆ ನೂರಕ್ಕೆ ತೊಂಬತ್ತೆಂಟು ಪಡೆದಿದ್ದವನು ಮೂರು ವಾರ ಉಜ್ಜಿದ. ಬೆಳಕಿಗೆ ಹಿಡಿದರೆ ಎರಡು ತುಂಡುಗಳ ನಡುವೆ ಕಿಟಕಿ ತೆರೆದಂತೆ ಬೆಳಕು ಕಾಣುತ್ತಿತ್ತು. ಅರವನ್ನು ತಳ್ಳುವಾಗ ಕೈ ಏರಿಳಿಯುತ್ತಿದ್ದುದರಿಂದ ಅಂಚು ಗುಂಡಗಾಗುತ್ತಿತ್ತು. ಸಮತಟ್ಟಾದ ಮೈ ಎಂದರೇನು ಎಂದು ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಯುತ್ತದೆ. ಅದನ್ನು ಕೈಯಿಂದ ಮಾಡಲು ಹೊರಟಾಗಲೇ ಅದು ಎಷ್ಟು ದುಬಾರಿ ವಸ್ತು ಎಂದು ತಿಳಿಯುವುದು.

ಮುಂದೆ ಅಳತೆಯ ಪಾಠ ಬಂತು. 20 ಮಿಲಿಮೀಟರಿನ ಒಂದು ರಂಧ್ರಕ್ಕೆ ಡ್ರಾಯಿಂಗಿನಲ್ಲಿ ಎಚ್7 ಎಂದು ಬರೆದಿದ್ದರೆ, ಅದು 20ಕ್ಕಿಂತ ಚಿಕ್ಕದಿರುವಂತಿಲ್ಲ, 20.021ಕ್ಕಿಂತ ದೊಡ್ಡದಿರುವಂತೆಯೂ ಇಲ್ಲ. ನಮ್ಮ ತಲೆಕೂದಲಿನ ದಪ್ಪಕ್ಕಿಂತ ಕಡಿಮೆ ಜಾಗದಲ್ಲಿ ಸರಿ ತಪ್ಪುಗಳು ತೀರ್ಮಾನವಾಗುತ್ತವೆ. ಬೈಕಿನ ಪಿಸ್ಟನ್ನಿರಲಿ, ಆಸ್ಪತ್ರೆಯ ಯಂತ್ರವಿರಲಿ, ನೀರೆತ್ತುವ ಪಂಪಿರಲಿ, ಎಲ್ಲವೂ ಓಡುತ್ತಿರುವುದು ಯಾರೋ ಒಬ್ಬರು ಈ ಅಳತೆಯನ್ನು ಪ್ರಾಮಾಣಿಕವಾಗಿ ಕಾಯ್ದಿರುವುದರಿಂದ.

ನಮ್ಮ ವರ್ಕ್‌ಶಾಪಿನ ಹಳೆಯ ಲೇತ್‌ಗಳ ಮೇಲೆ ಹರಿಹರದ ಹೆಸರಿತ್ತು. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನಮ್ಮ ಪಕ್ಕದ ಊರಿನಲ್ಲಿ ಲೇತ್‌ಗಳನ್ನು ತಯಾರಿಸಿ ದೇಶಕ್ಕೆಲ್ಲ ಕಳಿಸಿತ್ತು. ಆ ಕಾರ್ಖಾನೆ ಈಗಿಲ್ಲ, ಅದರ ಲೇತ್‌ಗಳು ಇನ್ನೂ ತಿರುಗುತ್ತಿವೆ. ಅಂಥ ಒಂದು ಲೇತಿನ ಮುಂದೆ ನಾವು ಎರಡನೆಯ ವರ್ಷ ನಿಂತೆವು. 25 ಮಿಲಿಮೀಟರಿನ ಮೆತು ಉಕ್ಕಿನ ಸರಳು, ಹೈಸ್ಪೀಡ್ ಸ್ಟೀಲಿನ ಟೂಲು. ನಿಮಿಷಕ್ಕೆ 30 ಮೀಟರ್ ವೇಗದಲ್ಲಿ ಕತ್ತರಿಸಬೇಕಾದರೆ ಸರಳು ನಿಮಿಷಕ್ಕೆ ಸುಮಾರು 380 ಸುತ್ತು ತಿರುಗಬೇಕು. ಈ ಲೆಕ್ಕವನ್ನು ನಾವು ಬಾಯಿಪಾಠದಂತೆ ಮಾಡುತ್ತಿದ್ದೆವು. ಆದರೆ ಯಂತ್ರ ಶುರುವಾದ ಕೂಡಲೇ ಕಿರ್ ಎಂಬ ಸದ್ದು ಬಂತು, ಸರಳಿನ ಮೈ ತುಂಬ ಗೀರುಗಳು ಬಿದ್ದವು. ಏಕೆಂದು ನಮಗೆ ಹೊಳೆಯಲಿಲ್ಲ.

ಆಗ ನಮ್ಮ ಬ್ಯಾಚಿನ ನಾಲ್ಕನೆಯವನು ಮುಂದೆ ಬಂದ. ಅವನ ಹೆಸರನ್ನು ಇಲ್ಲಿ ಹೇಳುವುದು ಬೇಡ, ಅವನಿಗೆ ಅದು ಇಷ್ಟವಾಗಲಾರದು. ಅವನು ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು, ನೇರವಾಗಿ ಎರಡನೆಯ ವರ್ಷಕ್ಕೆ ಸೇರಿದವನು. ಎಂಟನೆಯ ತರಗತಿಯಿಂದಲೂ ರಜೆಯಲ್ಲಿ ಗ್ಯಾರೇಜಿನಲ್ಲಿ ಉಸ್ತಾದರ ಕೈಕೆಳಗೆ ದುಡಿದವನು. ಅವನು ಯಂತ್ರ ನಿಲ್ಲಿಸಿ ಟೂಲನ್ನು ನೋಡಿದ. ಅದರ ತುದಿ ಸರಳಿನ ನಡುಮಟ್ಟಕ್ಕಿಂತ ಸ್ವಲ್ಪ ಕೆಳಗಿತ್ತು, ಅಗತ್ಯಕ್ಕಿಂತ ಹೆಚ್ಚು ಹೊರಗೂ ಚಾಚಿತ್ತು. ಒಂದು ತೆಳ್ಳಗಿನ ತಗಡು ಕೆಳಗಿಟ್ಟ, ಟೂಲನ್ನು ಒಳಕ್ಕೆ ತಳ್ಳಿ ಬಿಗಿ ಮಾಡಿದ. ಸದ್ದು ನಿಂತಿತು, ಚೂರು ಸಲೀಸಾಗಿ ಸುರುಳಿ ಸುತ್ತಿಕೊಂಡು ಬಂತು. "ಸದ್ದು ಕೇಳ್ರೋ, ಅದೇ ಹೇಳುತ್ತೆ" ಎಂದ. ಆ ವರ್ಷ ನಾವು ಮೂವರು ಲೇತನ್ನು ಕಲಿತದ್ದು ಅವನಿಂದ. ಸಂಜೆಯ ಹೊತ್ತು ಅವನು ನಮ್ಮಿಂದ ಗಣಿತ ಕಲಿಯುತ್ತಿದ್ದ. ಕೊಟ್ಟು ಪಡೆಯುವ ಈ ವ್ಯವಹಾರ ಚೆನ್ನಾಗಿಯೇ ನಡೆದಿತ್ತು.

ಗ್ಯಾರೇಜಿನ ವಿದ್ಯೆಯನ್ನು ಹಗುರವಾಗಿ ನೋಡುವವರಿಗೆ ಒಂದು ವಿಷಯ ತಿಳಿಸಬೇಕೆನಿಸುತ್ತದೆ. ಇಂದಿನ ತುರ್ಕಿಯ ದಿಯಾರ್‌ಬಕಿರ್‌ನಲ್ಲಿ ಅರಸರ ಆಸ್ಥಾನದಲ್ಲಿದ್ದ ಅಲ್ ಜಝರಿ ಎಂಬ ಯಂತ್ರಶಿಲ್ಪಿ 1206ರಲ್ಲಿ ಯಂತ್ರಗಳ ಬಗ್ಗೆ ಒಂದು ದೊಡ್ಡ ಗ್ರಂಥ ಬರೆದು ಮುಗಿಸಿದರು. ನೀರು ಗಡಿಯಾರಗಳು, ನೀರೆತ್ತುವ ಯಂತ್ರಗಳು ಅದರಲ್ಲಿವೆ. ಕ್ರ್ಯಾಂಕಿನ ಬಳಕೆಯೂ ಇದೆ. ಆ ಗ್ರಂಥದ ವಿಶೇಷವೆಂದರೆ, ಯಂತ್ರ ಹೀಗಿದೆ ಎಂದು ವರ್ಣಿಸಿ ಅವರು ಸುಮ್ಮನಾಗಲಿಲ್ಲ. ಯಾವ ಭಾಗಕ್ಕೆ ಯಾವ ಅಳತೆ, ಹೇಗೆ ಎರಕ ಹೊಯ್ಯಬೇಕು, ಹೇಗೆ ಜೋಡಿಸಬೇಕು ಎಂದು ಇನ್ನೊಬ್ಬ ಕುಶಲಕರ್ಮಿ ಮತ್ತೆ ತಯಾರಿಸಲು ಬರುವಂತೆ ಬರೆದರು. ನೀರು ಸೋರದಂತೆ ವಾಲ್ವನ್ನು ಅದರ ಪೀಠದ ಮೇಲೆ ಕುರುಂಜಿ ಪುಡಿ ಹಾಕಿ ತಿಕ್ಕಿ ಕೂರಿಸುವ ವಿಧಾನವೂ ಅದರಲ್ಲಿದೆ. ಇವತ್ತು ಗ್ಯಾರೇಜಿನಲ್ಲಿ ಹುಡುಗರು ಎಂಜಿನ್ ಹೆಡ್ ಬಿಚ್ಚಿ, ಪೇಸ್ಟ್ ಹಚ್ಚಿ, ಅಂಗೈಗಳ ನಡುವೆ ಕೋಲು ತಿರುಗಿಸುತ್ತಾ ವಾಲ್ವ್ ತಿಕ್ಕುತ್ತಾರಲ್ಲ, ಅದೇ ಕೆಲಸ. ಎಂಟು ನೂರು ವರ್ಷಗಳ ಹಿಂದೆ ಅದನ್ನು ಬರೆದಿಟ್ಟವರನ್ನು ಜಗತ್ತು ಇಂದಿಗೂ ವಿದ್ವಾಂಸರೆಂದೇ ಗೌರವಿಸುತ್ತದೆ.

ಇನ್ನು ನಮ್ಮ ಕೊನೆಯ ವರ್ಷದ ಪ್ರಾಜೆಕ್ಟಿನ ವಿಷಯ. ದಾವಣಗೆರೆಯ ಮಂಡಕ್ಕಿ ಎಲ್ಲರಿಗೂ ಗೊತ್ತು. ಭಟ್ಟಿಯೊಳಗೆ ಹೋಗಿ ನೋಡಿದವರು ಕಡಿಮೆ. ಉಪ್ಪು ಹಿಡಿಸಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿಯಬೇಕು. ಕ್ಷಣಮಾತ್ರದಲ್ಲಿ ಅರಳುತ್ತದೆ, ಇನ್ನೊಂದು ಕ್ಷಣ ಬಿಟ್ಟರೆ ಸೀಯುತ್ತದೆ. ಆದ್ದರಿಂದ ಬೆಂಕಿಯ ಮುಂದೆಯೇ ನಿಂತು ಕೈಯಾಡಿಸುತ್ತಿರಬೇಕು. ಹೊಗೆ, ಧಗೆ, ದೂಳು. ನಮ್ಮ ಗೆಳತಿಯ ಅಮ್ಮಿ ವರ್ಷಾನುಗಟ್ಟಲೆ ಹಾಗೆ ನಿಂತವರು. ಮೋಟಾರಿನಿಂದ ತಿರುಗುವ ಒಂದು ಡ್ರಮ್ಮಿನಲ್ಲಿ ಮರಳು, ಅಕ್ಕಿ ಎರಡನ್ನೂ ಹಾಕಿ ಹುರಿದು, ಕೊನೆಗೆ ಜರಡಿಯಲ್ಲಿ ಮರಳನ್ನು ಬೇರ್ಪಡಿಸುವ ಯಂತ್ರ ಮಾಡೋಣ ಎಂದು ಅವಳೇ ಸೂಚಿಸಿದಳು. ಗೈಡ್ ಒಪ್ಪಿದರು.

ನಿಮಿಷಕ್ಕೆ 1440 ಸುತ್ತು ತಿರುಗುವ ಹಳೆಯ ಮೋಟಾರು, ಅದನ್ನು 24 ಸುತ್ತಿಗೆ ಇಳಿಸುವ 60ಕ್ಕೆ 1ರ ಗೇರ್ ಬಾಕ್ಸ್, ಗುಜರಿ ಅಂಗಡಿಯಿಂದ ಆ್ಯಂಗಲ್‌ಗಳು, ಮಧ್ಯೆ ಹಾಯುವ ಉಕ್ಕಿನ ಶಾಫ್ಟು, ಎರಡು ತುದಿಗೂ ಬೇರಿಂಗು. ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಸೊಗಸಾಗಿ ಬಂದಿತ್ತು. ತಣ್ಣಗಿದ್ದಾಗ ಡ್ರಮ್ಮು ಬೆರಳಿನಲ್ಲಿ ತಳ್ಳಿದರೂ ತಿರುಗುತ್ತಿತ್ತು. ಬೆಂಕಿ ಹಾಕಿ ಅರ್ಧ ಗಂಟೆಯಾಗಿತ್ತು, ಮೋಟಾರು ಗುಂಯ್ ಎಂದು ನರಳಿ ನಿಂತುಬಿಟ್ಟಿತು. ಆರಿದ ಮೇಲೆ ಮತ್ತೆ ತಿರುಗಿತು. ಮರುದಿನ ಬಿಸಿ ಮಾಡಿದೆವು, ಮತ್ತೆ ನಿಂತಿತು. ಮೋಟಾರಿನ ಶಕ್ತಿ ಸಾಲದು ಎಂದು ನಾವು ಇನ್ನೊಂದು ದೊಡ್ಡ ಮೋಟಾರಿಗೆ ಹಣ ಹೊಂದಿಸಲು ಹೊರಟೆವು. ಡೆಮೊ ಕೊಡಲು ಒಂಬತ್ತು ದಿನ ಉಳಿದಿತ್ತು.

ಆ ಹೊತ್ತಿಗೆ ನಮ್ಮ ನಾಲ್ಕನೆಯವನು ಕಾಲೇಜಿನಲ್ಲಿ ಇರಲಿಲ್ಲ. ಎರಡನೆಯ ವರ್ಷ ಗಣಿತದ ಎರಡು ಪತ್ರಿಕೆಗಳು ಉಳಿದುಕೊಂಡಿದ್ದವು. ಬ್ಯಾಕ್‌ಲಾಗ್ ಇದ್ದವರಿಗೆ ಮುಂದಿನ ವರ್ಷದ ಸಹಾಯವಿಲ್ಲ ಎಂಬುದು ನಮ್ಮ ಟ್ರಸ್ಟಿನ ನಿಯಮ. ಅವನ ಅರ್ಜಿ ತಿರಸ್ಕೃತವಾಯಿತು. ಮನೆಯಲ್ಲಿ ಸಾಲ ಮಾಡಿ ಐದನೆಯ ಸೆಮಿಸ್ಟರ್ ಕಳೆದ. ಆರನೆಯದಕ್ಕೆ ಬರಲಿಲ್ಲ. ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ.

ನಾವು ಫೋನ್ ಮಾಡಿದಾಗ ಅವನು ಕೆಲಸ ಮುಗಿಸಿ ರಾತ್ರಿ ಒಂಬತ್ತಕ್ಕೆ ಬಂದ. ಬಿಸಿ ಮಾಡಿ ತೋರಿಸಿ ಎಂದ. ತೋರಿಸಿದೆವು. ಡ್ರಮ್ಮು ನಿಂತಾಗ ಟಾರ್ಚ್ ಹಿಡಿದು ಎರಡೂ ಬೇರಿಂಗುಗಳನ್ನು ನೋಡಿದ. ಒಂದು ಬೇರಿಂಗಿನ ಕೂರು ಓರೆಯಾಗಿತ್ತು. ಅವನು ಹೇಳಿದ್ದು ಇಷ್ಟೇ: "ಎರಡೂ ಕಡೆ ಕಟ್ಟಿಹಾಕಿದ್ದೀರಿ. ಪಾಪ, ಅದು ಎಲ್ಲಿಗೆ ಹೋಗಬೇಕು?"

ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. 150 ಡಿಗ್ರಿ ಹೆಚ್ಚು ಬಿಸಿಯಾದರೆ ಹಿಗ್ಗುವುದು 1.8 ಮಿಲಿಮೀಟರ್. ಶಾಫ್ಟು ಹಿಗ್ಗುತ್ತಿತ್ತು, ಹೊರಗಿನ ಫ್ರೇಮು ತಣ್ಣಗೇ ಇತ್ತು. ಎರಡು ತುದಿಗಳನ್ನೂ ನಾವು ಬೋಲ್ಟ್ ಹಾಕಿ ಬಿಗಿದಿದ್ದೆವು. ಜಾಗವಿಲ್ಲದೆ ಶಾಫ್ಟು ಬಾಗಿ ಬೇರಿಂಗನ್ನು ಹಿಡಿದುಬಿಡುತ್ತಿತ್ತು. ಇದರಲ್ಲಿ ಹೊಸ ವಿದ್ಯೆ ಏನೂ ಇಲ್ಲ. ಇದೇ ಲೆಕ್ಕ ನಮಗೆ ಪರೀಕ್ಷೆಯಲ್ಲಿ ಬಂದಿತ್ತು. ಮೂವರೂ ಸರಿಯಾಗಿ ಬರೆದು ಪೂರ್ತಿ ಅಂಕ ಪಡೆದಿದ್ದೆವು. ಅಂಕ ಬಂದಿತ್ತು, ವಿಷಯ ಕೈಗೆ ಇಳಿದಿರಲಿಲ್ಲ. ಅವನು ಆ ಲೆಕ್ಕದ ಪತ್ರಿಕೆಯಲ್ಲಿ ಕಷ್ಟಪಟ್ಟು ಪಾಸಾದವನು.

ಒಂದು ತುದಿಯ ಬೇರಿಂಗನ್ನು ಹಾಗೇ ಬಿಟ್ಟು, ಇನ್ನೊಂದು ತುದಿಗೆ ಶಾಫ್ಟು ಉದ್ದಕ್ಕೆ ಜಾರಲು ಬರುವಂತೆ ಗನ್‌ಮೆಟಲ್ ಬುಶ್ ಹಾಕಬೇಕೆಂದು ಅವನು ಹೇಳಿದ. ಮರುದಿನ ನಾವು ಅದೇ ಹರಿಹರದ ಲೇತಿನಲ್ಲಿ ಬುಶ್ ಕಡೆದೆವು. ಕಡೆದವಳು ನಮ್ಮ ಗೆಳತಿ, ಮೈಕ್ರೋಮೀಟರ್ ಹಿಡಿದವರು ನಾವಿಬ್ಬರು. ಡ್ರಮ್ಮು ನಿಲ್ಲದೆ ತಿರುಗಿತು. ಮೊದಲ ಹುರಿ ಪೂರ್ತಿ ಸೀದುಹೋಯಿತು. ಎರಡನೆಯದು ಅರಳಲಿಲ್ಲ. ಆಗ ಅಮ್ಮಿಯನ್ನು ಕರೆತಂದೆವು. ಅವರು ನಮ್ಮ ಥರ್ಮಾಮೀಟರನ್ನು ಪಕ್ಕಕ್ಕಿಟ್ಟು, ನಾಲ್ಕು ಕಾಳು ಮರಳಿಗೆ ಎಸೆದು, ಅವು ಅರಳುವ ಬಗೆ ನೋಡಿ, "ಈಗ ಹಾಕು ಬೇಟಾ" ಎಂದರು. ಮೂರನೆಯದು ಬೆಳ್ಳಗೆ ಬಂತು. ಬಾಯಿಗೆ ಹಾಕಿಕೊಂಡು "ಉಪ್ಪು ಕಡಿಮೆ" ಎಂದರು. ಅದಕ್ಕಿಂತ ದೊಡ್ಡ ಪರೀಕ್ಷಕರು ನಮಗೆ ಸಿಗಲಿಲ್ಲ.

ನಮ್ಮ ಯಂತ್ರದಿಂದ ಭಟ್ಟಿಗಳ ಕಷ್ಟ ಮುಗಿಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಡ್ರಮ್ಮು ಇನ್ನೂ ಭಟ್ಟಿಯಲ್ಲಿ ಓಡುತ್ತಿಲ್ಲ. ಒಂದು ಹೊತ್ತಿಗೆ ಅದು ಹುರಿಯುವುದು ಕಡಿಮೆ, ಕರೆಂಟು ಹೋದರೆ ಒಳಗಿದ್ದದ್ದೆಲ್ಲ ಸೀಯುತ್ತದೆ. ಜರಡಿಯ ಭಾಗವನ್ನು ಮಾತ್ರ ಒಂದು ಭಟ್ಟಿಯವರು ಇಟ್ಟುಕೊಂಡು ಬಳಸುತ್ತಿದ್ದಾರೆ. ಉಳಿದದ್ದನ್ನು ನಾವು ಬಿಡುವಿನಲ್ಲಿ ಸರಿಪಡಿಸುತ್ತಿದ್ದೇವೆ. ಪ್ರಾಜೆಕ್ಟಿಗೆ ಒಳ್ಳೆಯ ಅಂಕ ಬಂತು. ಅದನ್ನು ಉಳಿಸಿದವನ ಹೆಸರನ್ನು ವರದಿಯ ಮೊದಲ ಪುಟದಲ್ಲಿ ಹಾಕಲು ಬರಲಿಲ್ಲ, ಏಕೆಂದರೆ ಅಲ್ಲಿ ವಿದ್ಯಾರ್ಥಿಗಳ ಹೆಸರು ಮಾತ್ರ. ಕೃತಜ್ಞತೆಯ ಪುಟದಲ್ಲಿ ಬರೆದೆವು.

ಈಗ ಇಲ್ಲಿ ಕೂತಿರುವ ಹೆತ್ತವರಿಗೆ ಕೆಲವು ಮಾತು.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ವರ್ಕ್‌ಶಾಪ್ ನೋಡಿ. ಲೇತಿನ ಕೆಳಗಿನ ತಟ್ಟೆಯಲ್ಲಿ ಕಬ್ಬಿಣದ ಚೂರುಗಳಿದ್ದರೆ, ಎಣ್ಣೆಯ ವಾಸನೆ ಬಂದರೆ ಅಲ್ಲಿ ಮಕ್ಕಳು ಕೆಲಸ ಮಾಡುತ್ತಿದ್ದಾರೆ ಎಂದು ಅರ್ಥ. ಯಂತ್ರಕ್ಕೆ ಬಟ್ಟೆ ಹೊದಿಸಿ ಮೇಲೆ ದೂಳು ಕೂತಿದ್ದರೆ ಅದು ಬರೀ ತೋರಿಸಲು ಇಟ್ಟದ್ದು. ಒಂದು ಯಂತ್ರಕ್ಕೆ ಎಷ್ಟು ವಿದ್ಯಾರ್ಥಿಗಳು ಎಂದು ಕೇಳಿ. ಒಬ್ಬ ಮಾಡಿ ಇಪ್ಪತ್ತು ಜನ ನೋಡಿದರೆ ಇಪ್ಪತ್ತು ಜನರೂ ಕಲಿಯುವುದಿಲ್ಲ.

ಪಿಯುಸಿ ಒಂದೇ ದಾರಿಯಲ್ಲ. ಎಸ್ಸೆಸ್ಸೆಲ್ಸಿ ನಂತರ ಡಿಪ್ಲೊಮಾ ಮಾಡಿ, ಡಿಸಿಇಟಿ ಮೂಲಕ ಬಿ.ಇ. ಎರಡನೆಯ ವರ್ಷಕ್ಕೆ ಸೇರಬಹುದು. ಆದರೆ ಆ ದಾರಿಯಲ್ಲಿ ಬರುವವರಿಗೆ ಗಣಿತ ಎದುರಾಗುತ್ತದೆ. ಆದ್ದರಿಂದ ಡಿಪ್ಲೊಮಾದಲ್ಲಿದ್ದಾಗಲೇ ಗಣಿತಕ್ಕೆ ಗಮನ ಕೊಡಿಸಿ. ಕೈಕೆಲಸ ಗಣಿತಕ್ಕೆ ಬದಲಿಯಲ್ಲ. ನಮ್ಮ ಗೆಳೆಯನಿಗೆ ಶಾಫ್ಟು ಹಿಗ್ಗುತ್ತದೆ ಎಂದು ಗೊತ್ತಿತ್ತು. ಎಷ್ಟು ಹಿಗ್ಗುತ್ತದೆ, ಬುಶ್ಶಿನಾಚೆ ಎಷ್ಟು ಜಾಗ ಬಿಡಬೇಕು ಎಂಬುದನ್ನು ಹೇಳಿದ್ದು ಲೆಕ್ಕವೇ. ಎರಡೂ ಕೂಡಿದಾಗ ಯಂತ್ರ ಓಡಿತು.

ಮಗ ರಜೆಯಲ್ಲಿ ಗ್ಯಾರೇಜಿಗೆ, ವೆಲ್ಡಿಂಗ್ ಅಂಗಡಿಗೆ ಹೋಗುತ್ತೇನೆಂದರೆ ನಾಚಿಕೆಪಡಬೇಡಿ. ಮಗಳು ಮೆಕ್ಯಾನಿಕಲ್ ಓದುತ್ತೇನೆಂದರೆ ಹೆದರಬೇಡಿ. ನಮ್ಮ ತರಗತಿಯಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟಿದ್ದರು, ಯಂತ್ರಕ್ಕೆ ಆ ಭೇದ ಗೊತ್ತಿರಲಿಲ್ಲ. ಹೆದರಬೇಕಾದದ್ದು ಅಜಾಗ್ರತೆಗೆ. ದುಪಟ್ಟಾ ಇರಲಿ, ಸ್ಕಾರ್ಫ್ ಇರಲಿ, ತುದಿಗಳು ಏಪ್ರನ್ನಿನ ಒಳಗಿರಬೇಕು. ಉಂಗುರ, ಬಳೆ, ವಾಚು ತೆಗೆದಿಡಬೇಕು. ತಿರುಗುವ ಯಂತ್ರದ ಮುಂದೆ ಕೈಗವಸು ಹಾಕಬಾರದು. ಚಕ್ಕಿನ ಕೀಲಿಯನ್ನು ಚಕ್ಕಿನಲ್ಲೇ ಬಿಟ್ಟು ಸ್ವಿಚ್ ಹಾಕಬಾರದು. ಶೂ, ಕನ್ನಡಕ ಇಲ್ಲದೆ ಒಳಗೆ ಕಾಲಿಡಬಾರದು.

ಕೊನೆಯ ವರ್ಷದ ಪ್ರಾಜೆಕ್ಟುಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಆಯ್ಕೆ ಮಾಡಿ ಧನಸಹಾಯ ನೀಡುತ್ತದೆ. ಕಾಲೇಜಿನ ಮೂಲಕ ಅರ್ಜಿ ಹಾಕಬೇಕು. ಓದು ಮುಗಿದ ಮೇಲೆ 1961ರ ಅಪ್ರೆಂಟಿಸ್ ಕಾಯಿದೆಯಡಿ ಪದವೀಧರರಿಗೂ ಡಿಪ್ಲೊಮಾದವರಿಗೂ ಕಾರ್ಖಾನೆಗಳಲ್ಲಿ ಸ್ಟೈಪೆಂಡಿನೊಂದಿಗೆ ತರಬೇತಿ ಸಿಗುತ್ತದೆ. ಈಗ ನಮ್ಮಲ್ಲೊಬ್ಬ ಹಾಗೆಯೇ ತರಬೇತಿಯಲ್ಲಿದ್ದಾನೆ. ಸಂಬಳ ಕಡಿಮೆ ಎಂದು ಇದನ್ನು ಬಿಡಬೇಡಿ.

ಕೊನೆಯದಾಗಿ ನಮ್ಮ ವಿನಂತಿ. ಇದನ್ನು ದೂರು ಎಂದು ತಿಳಿಯಬಾರದು.

ನಿಮ್ಮ ಹಣ ಅಮಾನತ್ತು. ಅದರಲ್ಲಿ ಜಕಾತಿನ ಪಾಲೂ ಇದೆ. ಅದು ಪೋಲಾಗಬಾರದೆಂದೇ ಬ್ಯಾಕ್‌ಲಾಗಿನ ನಿಯಮ ಮಾಡಿದ್ದೀರಿ. ನಿಯಮ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಆ ಅಳತೆಗೋಲು ನಮ್ಮ ಮೂವರನ್ನು ಮಾತ್ರ ಅಳೆಯಿತು, ಅವನನ್ನು ಅಳೆಯಲಿಲ್ಲ. ಮೈಕ್ರೋಮೀಟರಿನಿಂದ ರಸ್ತೆಯ ಉದ್ದ ಅಳೆಯಲು ಬರುವುದಿಲ್ಲ, ಹಾಗೆಂದು ಮೈಕ್ರೋಮೀಟರ್ ಕೆಟ್ಟದ್ದೂ ಅಲ್ಲ. ಇನ್ನೊಂದು ಅಳತೆಪಟ್ಟಿಯೂ ಜೊತೆಗಿರಬೇಕು.

ಆದ್ದರಿಂದ ಮೂರು ಸಂಗತಿ ಕೇಳುತ್ತೇವೆ. ಒಂದು, ಬ್ಯಾಕ್‌ಲಾಗ್ ಇರುವ ವಿದ್ಯಾರ್ಥಿಯನ್ನು ಅರ್ಜಿಯ ಹಂತದಲ್ಲೇ ಕೈಬಿಡದೆ, ವರ್ಕ್‌ಶಾಪ್ ಶಿಕ್ಷಕರ ಪತ್ರ ತರಿಸಿಕೊಂಡು, ಕಮಿಟಿಯ ಮುಂದೆ ಒಮ್ಮೆ ಕರೆದು ಮಾತಾಡಿಸಿ. ಎರಡು, ಫೀಸಿನ ಜೊತೆಗೆ ಶೂ, ಏಪ್ರನ್, ಅಳತೆಯ ಸಲಕರಣೆ, ಇಂಟರ್ನ್‌ಶಿಪ್ಪಿಗೆ ಓಡಾಡುವ ಬಸ್ ಚಾರ್ಜು, ಇವಕ್ಕೆಂದು ಒಂದು ಸಣ್ಣ ಮೊತ್ತ ಇಡಿ. ಬಸ್ಸಿಗೆ ಹಣವಿಲ್ಲದೆ ಒಳ್ಳೆಯ ಕಾರ್ಖಾನೆ ಬಿಟ್ಟು ಮನೆ ಹತ್ತಿರ ಎಲ್ಲೋ ಸರ್ಟಿಫಿಕೇಟ್ ಬರೆಸಿಕೊಂಡವರನ್ನು ನಾವು ನೋಡಿದ್ದೇವೆ. ಮೂರು, ಹಳೆಯ ವಿದ್ಯಾರ್ಥಿಗಳಾದ ನಮ್ಮನ್ನು ಬಳಸಿಕೊಳ್ಳಿ. ಡಿಪ್ಲೊಮಾದಿಂದ ಬರುವ ಮಕ್ಕಳಿಗೆ ಭಾನುವಾರಗಳಂದು ಗಣಿತ ಹೇಳಿಕೊಡಲು ನಾವು ಮೂವರೂ ಸಿದ್ಧರಿದ್ದೇವೆ. ಅದಕ್ಕೆ ಹಣ ಬೇಡ, ಒಂದು ಕೋಣೆ, ಒಂದು ಬೋರ್ಡು ಸಾಕು.

ನಮ್ಮ ಗೆಳೆಯನಿಗೆ ಕೋರ್ಸ್ ಮುಗಿಸಲು ಇನ್ನೂ ಅವಧಿ ಉಳಿದಿದೆ. ಗಣಿತದ ಒಂದು ಪತ್ರಿಕೆಯನ್ನು ಅವನು ಕಳೆದ ಬಾರಿ ಶೆಡ್ಡಿನ ಕೆಲಸದ ನಡುವೆಯೇ ಬರೆದು ಪಾಸು ಮಾಡಿದ್ದಾನೆ. ಇನ್ನೊಂದಕ್ಕೆ ನಾವು ಅವನನ್ನು ಕೂರಿಸಿದ್ದೇವೆ. ಮುಂದಿನ ತಿಂಗಳ ಅರ್ಜಿಗಳಲ್ಲಿ ಅವನದೂ ಒಂದು ಬರುತ್ತದೆ. ನಾವು ಒತ್ತಾಯ ಮಾಡಿ ಬರೆಸಿದ ಅರ್ಜಿ ಅದು. ಇವತ್ತು ಇಲ್ಲಿಗೂ ಬಾ ಎಂದು ಕರೆದೆವು, ಶೆಡ್ಡಿನಲ್ಲಿ ಕೆಲಸವಿದೆ ಎಂದ. ಅವನ ಅರ್ಜಿ ಮೇಜಿನ ಮೇಲೆ ಬಂದಾಗ ಅಂಕಪಟ್ಟಿಯ ಜೊತೆಗೆ ಈ ಮಾತುಗಳನ್ನೂ ನೆನಪಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇವೆ.

ನಮ್ಮ ಮೊದಲ ಸಂಬಳದಿಂದ ಈ ವರ್ಷದ ನಿಧಿಗೆ ಒಂದು ಚಿಕ್ಕ ಪಾಲು ತಂದಿದ್ದೇವೆ. ಮೊತ್ತ ಸಣ್ಣದು, ದಯವಿಟ್ಟು ಸ್ವೀಕರಿಸಬೇಕು.